ಮನೆ-ಕಾಯಕ: ಬೆಳ್ಳಿ ಲೇಪನದ ಕೋಣೆ ಹೂಡುವ ಮುನ್ನ



ಉತ್ತರ ಕರ್ನಾಟಕದ ಒಂದು ತಾಲ್ಲೂಕು ಸ್ಥಳದಿಂದ ತಾಯಿಯೊಬ್ಬರು ಬರೆದ ಪತ್ರವು ಈ ಸಲದ ಅಂಕಣಕ್ಕೆ ಕಾರಣವಾಗಿದೆ. ಅವರ ಮಗ ಐ.ಟಿ.ಐ. ಮುಗಿಸಿ, ಬೆಂಗಳೂರಿನ ಲೋಹಲೇಪನದ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ದುಡಿದು ಊರಿಗೆ ಮರಳಿದ್ದಾನೆ. ಹಿತ್ತಾಳೆಯ ಕರಡಿಗೆ, ದೀಪದ ಸಮೆ, ಆರತಿ ತಟ್ಟೆ, ತಂಬಿಗೆಗಳಿಗೆ ಬೆಳ್ಳಿಯ ಲೇಪನ ಮಾಡಿಕೊಡುವ ಕಾಯಕವನ್ನು ಮನೆಯಲ್ಲಿಯೇ ಆರಂಭಿಸಬೇಕೆಂಬುದು ಅವನ ಅಪೇಕ್ಷೆ. ಮಗ ಕಣ್ಣೆದುರಿಗೆ ಇರುತ್ತಾನೆಂಬ ಸಂತೋಷ ತಾಯಿಗೆ. ಆದರೂ ಪತ್ರದ ಕೊನೆಯಲ್ಲಿ ಅವರು ಹೀಗೆ ಕೇಳಿದ್ದರು: ಅಡುಗೆಮನೆಯ ಹಿಂದಿನ ಕೋಣೆ ಖಾಲಿ ಇದೆ, ಅಲ್ಲಿ ಹೂಡಿಕೊಂಡರೆ ನಡೆಯುತ್ತದೆಯೇ, ಮನೆಯಲ್ಲಿ ಇಬ್ಬರು ಮೊಮ್ಮಕ್ಕಳಿದ್ದಾರೆ.

ಕೋಣೆಯನ್ನು ನೋಡದೆ ಉತ್ತರ ಬರೆಯುವುದು ನಮಗೆ ಸರಿಯೆನಿಸಲಿಲ್ಲ. ಬೇರೆ ಕಾರ್ಯನಿಮಿತ್ತ ಆ ಕಡೆ ಹೋಗುವುದಿದ್ದುದರಿಂದ ಅವರ ಮನೆಗೂ ಹೋಗಿ, ಒಂದು ಮಧ್ಯಾಹ್ನವನ್ನು ಅಲ್ಲಿ ಕಳೆದು ಬಂದೆವು. ಅಲ್ಲಿ ನೋಡಿದ್ದನ್ನೂ ಹೇಳಿದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ. ಇಂತಹ ವಿಚಾರದಲ್ಲಿರುವ ಬೇರೆ ಕುಟುಂಬಗಳಿಗೂ ಇದು ಉಪಯೋಗವಾಗಬಹುದು.

ನಮ್ಮ ಬಾಲ್ಯದಲ್ಲಿ ಊರಿಗೆ ಕಲಾಯಿಯವರು ಬರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಓಣಿಯ ಬೇವಿನ ಮರದ ಕೆಳಗೆ ಗುಂಡಿ ತೋಡಿ, ತಿದಿ ಹೂಡಿ, ಇದ್ದಿಲ ಕೆಂಡದ ಮೇಲೆ ತಾಮ್ರದ ಹಂಡೆಯನ್ನು ಕಾಯಿಸಿ, ನವಸಾಗರದ ಪುಡಿಯನ್ನು ಉದುರಿಸಿ, ತವರದ ಕಡ್ಡಿಯನ್ನು ಮುಟ್ಟಿಸಿ ಅರಳೆಯಿಂದ ಒಂದು ಸುತ್ತು ಒರೆಸಿದರೆ ಹಂಡೆಯ ಒಳಗೆಲ್ಲ ಬೆಳದಿಂಗಳು ಹರಡಿದಂತಾಗುತ್ತಿತ್ತು. ಬಿಳಿಯ ಹೊಗೆ ಕಣ್ಣು ಮೂಗು ಉರಿಸುತ್ತಿದ್ದುದು ನಿಜ. ಆದರೆ ಕೆಲಸವೂ ಬಯಲಿನಲ್ಲಿ, ಹೊಗೆಯೂ ಬಯಲಿಗೆ. ಸಂಜೆಗೆ ಗುಂಡಿಯನ್ನು ಮುಚ್ಚಿ ಅವರು ಮುಂದಿನ ಊರಿಗೆ ನಡೆಯುತ್ತಿದ್ದರು. ವಿದ್ಯುತ್ತಿನಿಂದ ಮಾಡುವ ಲೇಪನ ಹಾಗಲ್ಲ. ಇಲ್ಲಿ ಬೆಂಕಿ ಕಾಣುವುದಿಲ್ಲ, ಹೊಗೆಯೂ ಹೆಚ್ಚಾಗಿ ಕಾಣುವುದಿಲ್ಲ. ತೊಟ್ಟಿಯಲ್ಲಿರುವ ನೀರು ಕೆಲಸ ಮುಗಿದ ಮೇಲೂ ಹಗಲಿರುಳು ಮನೆಯಲ್ಲಿಯೇ ಉಳಿಯುತ್ತದೆ. ನಾವು ಮಲಗಿದಾಗ, ಜಾತ್ರೆಗೆ ಹೋದಾಗ, ಮಕ್ಕಳು ಕಣ್ಣಾಮುಚ್ಚಾಲೆ ಆಡುವಾಗ ಅದು ಅಲ್ಲಿಯೇ ಇರುತ್ತದೆ. ಆದುದರಿಂದ ಈ ಕಾಯಕದಲ್ಲಿ ತೊಟ್ಟಿಗಿಂತ ಮೊದಲು ಕೋಣೆಯ ವಿಚಾರವನ್ನು ಮಾಡತಕ್ಕದ್ದು.

ಕ್ರಮವೇನೋ ಸರಳವಾದುದು. ಲೋಹದ ಲವಣವನ್ನು ಕರಗಿಸಿದ ನೀರಿನಲ್ಲಿ, ನೇರ ವಿದ್ಯುತ್ತಿನ ಋಣ ತಂತಿಗೆ ನಮ್ಮ ವಸ್ತುವನ್ನೂ ಧನ ತಂತಿಗೆ ಲೇಪನದ ಲೋಹದ ಹಲಗೆಯನ್ನೂ ತೂಗುಬಿಟ್ಟರೆ, ಲೋಹವು ಹಲಗೆಯಿಂದ ಕರಗಿ ವಸ್ತುವಿನ ಮೇಲೆ ಕೂಡುತ್ತದೆ. ಇಟಲಿಯ ಬ್ರುನ್ಯಾಟೆಲ್ಲಿ ಎಂಬ ವಿದ್ವಾಂಸರು 1805ರಲ್ಲಿಯೇ ಈ ರೀತಿ ಚಿನ್ನದ ಲೇಪನವನ್ನು ಮಾಡಿ ತೋರಿಸಿದ್ದರು. ಎಷ್ಟು ವಿದ್ಯುತ್ತಿಗೆ ಎಷ್ಟು ಲೋಹ ಎಂಬ ಲೆಕ್ಕವನ್ನು 1830ರ ದಶಕದಲ್ಲಿ ಫ್ಯಾರಡೆಯವರು ಗೊತ್ತುಮಾಡಿದರು. ಒಂದು ಆಂಪಿಯರ್ ವಿದ್ಯುತ್ತು ಒಂದು ಗಂಟೆ ಹರಿದರೆ ಹೆಚ್ಚೆಂದರೆ ಸುಮಾರು 4 ಗ್ರಾಂ ಬೆಳ್ಳಿ ಕೂಡುತ್ತದೆ. ನಿಕ್ಕಲ್ ಆದರೆ ಒಂದು ಗ್ರಾಮಿಗೆ ತುಸು ಹೆಚ್ಚು. ಸಣ್ಣ ಕರಡಿಗೆಯೊಂದಕ್ಕೆ ಕೆಲವೇ ನಿಮಿಷಗಳ ಕೆಲಸ. ಈ ಸುಲಭತೆಯೇ ತರುಣರನ್ನು ಸೆಳೆಯುತ್ತದೆ.

ಆದರೆ ಈ ಕಸುಬನ್ನು ಜಗತ್ತಿಗೆಲ್ಲ ಹಬ್ಬಿಸಿದ್ದು 1840ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಮನೆತನದವರು ಪಡೆದ ಪೇಟೆಂಟು, ಮತ್ತು ಅದರ ಜೀವಾಳವಾಗಿದ್ದುದು ಸಯನೈಡು. ಬೆಳ್ಳಿಯೂ ಚಿನ್ನವೂ ಸಯನೈಡಿನ ದ್ರಾವಣದಿಂದ ನುಣುಪಾಗಿ, ಗಟ್ಟಿಯಾಗಿ ಕೂಡುವುದರಿಂದ ಇಂದಿಗೂ ಬಹಳಷ್ಟು ಕಾರ್ಖಾನೆಗಳು ಅದನ್ನೇ ಬಳಸುತ್ತವೆ. ನಮ್ಮ ತರುಣನೂ ಕಲಿತದ್ದು ಅದನ್ನೇ. ಅವನ ಪಟ್ಟಿಯಲ್ಲಿ ಎರಡನೆಯ ಸಾಮಾನಾಗಿ ಅದರ ಹೆಸರಿತ್ತು. ಆ ಸಾಲನ್ನು ನಾವು ಅವನ ಎದುರಿಗೇ ಪೆನ್ನಿನಿಂದ ಹೊಡೆದುಹಾಕಿದೆವು.

ಇದರಲ್ಲಿ ನಮ್ಮ ಅಭಿಪ್ರಾಯಕ್ಕೆ ವಿನಾಯಿತಿ ಇಲ್ಲ. ಸುಮಾರು ಕಾಲು ಗ್ರಾಂ ಸಯನೈಡು ಬೆಳೆದ ಮನುಷ್ಯನ ಪ್ರಾಣವನ್ನು ಒಯ್ಯಬಲ್ಲುದು. ನೋಡಲು ಅದು ಬಿಳಿಯ ಉಪ್ಪಿನಂತಿರುತ್ತದೆ. ಅದಕ್ಕಿಂತ ಭಯಂಕರವಾದ ಸಂಗತಿ ಇನ್ನೊಂದಿದೆ. ಲೇಪನಕ್ಕೆ ಮುನ್ನ ಹಿತ್ತಾಳೆಯನ್ನು ತಿಳಿಯಾಗಿಸಲು ಆಮ್ಲ ಬೇಕು. ಆ ಆಮ್ಲ ಸಯನೈಡಿನ ತೊಟ್ಟಿಗೆ ಬಿದ್ದರೆ, ಇಲ್ಲವೆ ಎರಡರ ತೊಳೆದ ನೀರು ಒಂದೇ ಬಚ್ಚಲಿನಲ್ಲಿ ಕೂಡಿದರೆ, ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಏಳುತ್ತದೆ. ಅದಕ್ಕೆ ಕಹಿ ಬಾದಾಮಿಯ ವಾಸನೆ ಎನ್ನುತ್ತಾರೆ. ಆದರೆ ಎಷ್ಟೋ ಜನರಿಗೆ ಹುಟ್ಟಿನಿಂದಲೇ ಆ ವಾಸನೆ ತಿಳಿಯುವುದಿಲ್ಲ. ಸೌದೆಯ ಹೊಗೆಯಾದರೆ ಎದ್ದು ಹೊರಗೋಡಬಹುದು, ಇದು ಆ ಅವಕಾಶವನ್ನು ಕೊಡುವುದಿಲ್ಲ. ಕಾರ್ಖಾನೆಯಲ್ಲಿ ಇದಕ್ಕಾಗಿ ಬೇರೆ ಬೇರೆ ಚರಂಡಿ, ಬೇರೆ ಉಗ್ರಾಣ, ಲೆಕ್ಕದ ಪುಸ್ತಕ, ತರಬೇತಿ ಇರಬೇಕಾಗುತ್ತದೆ. ಮೊಮ್ಮಕ್ಕಳಿರುವ ಮನೆಯ ಹೊಸ್ತಿಲೊಳಗೆ ಆ ಡಬ್ಬಿ ಬರಕೂಡದು. ಬೀಗದಲ್ಲಿ ಇಟ್ಟರಾಗದೇ ಎಂದು ತರುಣ ಕೇಳಿದ. ಬೀಗ ತೆರೆದ ದಿನವೇ ಅದು ಬಳಕೆಯಾಗುವುದು, ಅಪಾಯವೂ ಆ ದಿನದ್ದೇ ಎಂದು ಹೇಳಿದೆವು.

ಬದಲಿಗೆ ಸಯನೈಡ್ ಇಲ್ಲದ ಬೆಳ್ಳಿಯ ದ್ರಾವಣಗಳು ಈಗ ದೊರೆಯುತ್ತವೆ. ಥಯೋಸಲ್ಫೇಟಿನವು, ಹೈಡಾಂಟೋಯಿನ್, ಸಕ್ಸಿನಿಮೈಡ್ ಎಂಬ ಪದಾರ್ಥಗಳಿಂದ ಮಾಡಿದವು ಇವೆ. ಬೆಲೆ ಹೆಚ್ಚು, ಕೆಲಸದಲ್ಲಿ ತಾಳ್ಮೆಯೂ ಹೆಚ್ಚು ಬೇಕು. ಅವುಗಳನ್ನು ಕೊಳ್ಳುವಾಗ ಜೊತೆಗಿರುವ ಸುರಕ್ಷತೆಯ ಪತ್ರವನ್ನು ಕೇಳಿ ಪಡೆದು ಓದಬೇಕು. ಹೆಸರಿಲ್ಲದ ಕ್ಯಾನಿನಲ್ಲಿ ಕೊಡುವ ‘ಹೊಳಪಿನ ನೀರು’ ಎಷ್ಟೇ ಅಗ್ಗವಿದ್ದರೂ ಬೇಡ. ಕ್ರೋಮಿಕ್ ಆಮ್ಲದಿಂದ ಮಾಡುವ ಕ್ರೋಮ್ ಲೇಪನವನ್ನೂ ಮನೆಯಲ್ಲಿ ನೆನೆಯಲೇಬಾರದು. ಅದರ ಮಂಜು ಮೂಗಿನ ನಡುಗೋಡೆಯನ್ನು ತೂತು ಮಾಡುವಷ್ಟು ಕಟುವಾದುದು. ಕ್ರೋಮಿಯಮ್ಮಿನ ಈ ರೂಪವನ್ನೂ ನಿಕ್ಕಲಿನ ಲವಣಗಳನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1990ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳೆಂದು ಪ್ರಕಟಿಸಿದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಕಂಡುಬಂದ ಸಂಗತಿ ಎಲ್ಲರಿಗೂ ತಿಳಿದಿರುವುದೇ. ಭೂಮಿಯೊಳಗೆ ಇಳಿದ ಲೋಹವನ್ನು ಮರಳಿ ಮೇಲೆತ್ತುವುದು ಬಹು ಕಷ್ಟದ ಕೆಲಸ.

ಇನ್ನು ಕಾಯಿದೆಯ ಮಾತು. ಲೋಹಲೇಪನವನ್ನು 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಅತಿ ಹೆಚ್ಚು ಮಾಲಿನ್ಯದ ‘ಕೆಂಪು’ ವರ್ಗದಲ್ಲಿ ಸೇರಿಸಿತು. 1974ರ ಜಲ ಕಾಯಿದೆ, 1981ರ ವಾಯು ಕಾಯಿದೆಗಳ ಪ್ರಕಾರ ಇಂತಹ ಉದ್ಯಮಕ್ಕೆ ರಾಜ್ಯ ಮಂಡಳಿಯ ಒಪ್ಪಿಗೆ ಬೇಕು. ಜನವಸತಿಯ ಓಣಿಯಲ್ಲಿ ಅದು ದೊರೆಯುವುದೆಂದು ನಂಬಿ ಸಾಲ ಮಾಡುವುದು ತರವಲ್ಲ. ಆದುದರಿಂದ ತಾಯಿಯವರಿಗೆ ನಾವು ಮೊದಲು ಹೇಳಿದ ಮಾತು ಅವರಿಗೆ ತುಸು ನಿರಾಸೆಯನ್ನೇ ಉಂಟುಮಾಡಿತು. ಹಣ ಪಡೆದು ಊರವರ ವಸ್ತುಗಳಿಗೆ ಲೇಪನ ಮಾಡುವ ಉದ್ಯೋಗ ಮನೆಯಲ್ಲಿ ಬೇಡ; ಅದಕ್ಕೆ ಕೈಗಾರಿಕಾ ವಸಾಹತಿನಲ್ಲಿ ಒಪ್ಪಿಗೆ ಪಡೆದ ಒಂದು ಶೆಡ್ಡು ಬೇಕು. ಮನೆಯಲ್ಲಿ ಕೈ ಪಳಗಿಸಿಕೊಳ್ಳಲು, ಸ್ವಂತ ಮನೆಯ ಹತ್ತಾರು ವಸ್ತುಗಳ ಮೇಲೆ ಪ್ರಯೋಗ ಮಾಡಿ ನೋಡಲು ಐದು ಹತ್ತು ಲೀಟರಿನ ಸಣ್ಣ ತೊಟ್ಟಿ ಸಾಕು. ಹುಡುಗನ ಮುಖ ಬಾಡಿದ್ದು ನಮಗೂ ಕಂಡಿತು. ಆದರೆ ಒಂದು ವರ್ಷ ಹೀಗೆ ಕಲಿತು, ಯಾವ ದ್ರಾವಣ ತನ್ನ ಕೈಗೆ ಒಗ್ಗುತ್ತದೆಂದು ಅರಿತು ಶೆಡ್ಡಿಗೆ ಹೋದರೆ, ಕಲಿಯುವಾಗ ಆಗುವ ನಷ್ಟವೂ ಸಣ್ಣದರಲ್ಲಿಯೇ ಮುಗಿಯುತ್ತದೆ. “ಇಷ್ಟ ಸಣ್ಣ ತೊಟ್ಟಿಗೆ ಬ್ಯಾರೆ ಕೋಣಿ ಯಾಕ ಬೇಕ್ರಿ ಕಾಕಾರ?” ಎಂದು ಅವನು ಕೇಳಿದ. ಆಗ ಎಲ್ಲರೂ ಎದ್ದು ಕೋಣೆ ನೋಡಲು ಹೋದೆವು.

ಅಡುಗೆಮನೆಯ ಹಿಂದಿನ ಕೋಣೆಗೆ ಇದ್ದ ಬಾಗಿಲು ಒಂದೇ, ಅದೂ ಅಡುಗೆಮನೆಯೊಳಕ್ಕೆ. ಅಲ್ಲಿ ಗಾಳಿ ಕೆಟ್ಟರೆ ಒಲೆಯ ಮುಂದೆ ಕುಳಿತವರ ಕಡೆಗೇ ಬರಬೇಕು. ತೊಟ್ಟಿ ಉರುಳಿದರೆ ರೊಟ್ಟಿಯ ಹಿಟ್ಟಿನ ಡಬ್ಬಿಗಳ ಕಡೆಗೇ ಹರಿಯಬೇಕು. ಅದನ್ನು ಅಲ್ಲಿಯೇ ಕೈಬಿಟ್ಟೆವು. ಹಿತ್ತಲಿನಲ್ಲಿ ದನಗಳಿಲ್ಲದೆ ಖಾಲಿ ಬಿದ್ದ ಕೊಟ್ಟಿಗೆ ನಮ್ಮ ಮನಸ್ಸಿಗೆ ಬಂತು. ಅದರ ಬಾಗಿಲು ಬಯಲಿಗೆ ತೆರೆಯುತ್ತದೆ, ಮಾಡು ಎತ್ತರವಿದೆ, ಮನೆಗೂ ಅದಕ್ಕೂ ಹದಿನೈದು ಹೆಜ್ಜೆಯ ಅಂತರವಿದೆ. ಬಾವಿ ಮನೆಯ ಇನ್ನೊಂದು ಮಗ್ಗುಲಿಗಿದೆ.

ಆದರೆ ಕೊಟ್ಟಿಗೆಯಲ್ಲಿ ಒಂದು ದೋಷವಿತ್ತು. ಹಳೆಯ ಕೊಟ್ಟಿಗೆಗಳಲ್ಲಿ ಗಂಜಳ ಹರಿದುಹೋಗಲು ನೆಲವನ್ನು ಇಳಿಜಾರಾಗಿ ಮಾಡಿ, ಮೂಲೆಯ ಕಿಂಡಿಯಿಂದ ತಿಪ್ಪೆಗೆ ಕಾಲುವೆ ಬಿಟ್ಟಿರುತ್ತಾರೆ. ನಮ್ಮ ಹಿರಿಯರ ಜಾಣತನವದು. ಅದೇ ಕಿಂಡಿ ಈಗ ತೆರೆದಿದ್ದರೆ ಚೆಲ್ಲಿದ ನಿಕ್ಕಲ್, ತಾಮ್ರದ ನೀರು ನೇರವಾಗಿ ತಿಪ್ಪೆಗೆ ಇಳಿದು, ಅಲ್ಲಿಂದ ಗೊಬ್ಬರದ ಜೊತೆಗೆ ಹೊಲ ಸೇರುತ್ತದೆ. ಮೊದಲನೆಯ ಕೆಲಸವಾಗಿ ಆ ಕಿಂಡಿಯನ್ನು ಕಲ್ಲು ಸಿಮೆಂಟಿನಿಂದ ಮುಚ್ಚಿಸತಕ್ಕದ್ದೆಂದೂ, ಈ ಕೋಣೆಗೆ ಬಚ್ಚಲು ಎಂಬುದೇ ಇರಕೂಡದೆಂದೂ ಹೇಳಿದೆವು. ಬಾಗಿಲಲ್ಲಿ ನಾಲ್ಕು ಬೆರಳೆತ್ತರದ ಹೊಸ್ತಿಲನ್ನು ಕಟ್ಟಿದರೆ ಏನು ಚೆಲ್ಲಿದರೂ ಒಳಗೇ ನಿಲ್ಲುತ್ತದೆ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯಲ್ಲಿ ಒಂದು ಅಂಗುಲ ನೀರು ನಿಂತರೆ ಇನ್ನೂರು ಲೀಟರಿಗೂ ಮೀರುತ್ತದೆ. ಸಣ್ಣ ತೊಟ್ಟಿಗಳಿಗೆ ಇದು ಬೇಕಾದುದಕ್ಕಿಂತ ಎಷ್ಟೋ ಹೆಚ್ಚು.

ನೆಲಕ್ಕೆ ಶಹಾಬಾದ್ ಕಲ್ಲು ಹಾಸುವುದೆಂದು ಮನೆಯವರು ಮಾತಾಡಿಕೊಂಡಿದ್ದರು. ನಮ್ಮ ಕಡೆ ಮನೆಗಳಿಗೆಲ್ಲ ಅದೇ ಕಲ್ಲು. ಆದರೆ ಶಹಾಬಾದ್ ಆಗಲಿ, ಕಡಪದ ಕಲ್ಲಾಗಲಿ, ಮೂಲತಃ ಸುಣ್ಣದ ಕಲ್ಲುಗಳು. ಆಮ್ಲದ ಹನಿ ಬಿದ್ದರೆ ನೊರೆಯೆದ್ದು ಕರಗುತ್ತವೆ, ಸಿಮೆಂಟಿನ ಗಾರೆಯೂ ಹಾಗೆಯೇ. ಒಂದು ಮಳೆಗಾಲ ಕಳೆಯುವುದರೊಳಗೆ ನೆಲ ಜೇನುಗೂಡಿನಂತಾಗಿ, ಚೆಲ್ಲಿದ್ದೆಲ್ಲ ಮಣ್ಣಿಗೆ ಇಳಿಯಲು ದಾರಿಯಾಗುತ್ತದೆ. ಆಮ್ಲ ತಡೆಯುವ ಹೆಂಚನ್ನು ಎಪಾಕ್ಸಿಯ ಅಂಟಿನಿಂದ ಜೋಡಿಸುವುದು ಉತ್ತಮ. ಅಷ್ಟು ಹಣವಿಲ್ಲದಿದ್ದರೆ ಎಲ್ಲ ತೊಟ್ಟಿಗಳನ್ನೂ ಅಂಚು ಎತ್ತರವಿರುವ ದಪ್ಪ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಇಡಬೇಕು. ತಟ್ಟೆಯು ತೊಟ್ಟಿಯ ನೀರನ್ನೆಲ್ಲ ಹಿಡಿದು ಇನ್ನೂ ಒಂದಿಷ್ಟು ಹಿಡಿಯುವಂತಿರಬೇಕು. ಆಮ್ಲದ ತಟ್ಟೆ ಬೇರೆ, ಕ್ಷಾರದ ತಟ್ಟೆ ಬೇರೆ. ತೊಟ್ಟಿಗಳೂ ಪಾಲಿಪ್ರೊಪಿಲೀನಿನವಾಗಿರಲಿ, ಮನೆಯ ಹಳೆಯ ಸ್ಟೀಲಿನ ಬೋಗುಣಿ ಈ ಕೆಲಸಕ್ಕೆ ಸಲ್ಲದು.

ಗಾಳಿಯ ವಿಷಯದಲ್ಲಿ ತಿಳಿದವರೂ ತಪ್ಪುತ್ತಾರೆ. ಲೇಪನವಾಗುವಾಗ ವಸ್ತುವಿನ ಮೇಲೆ ಜಲಜನಕದ ಗುಳ್ಳೆಗಳು ಏಳುತ್ತವೆ. ಗುಳ್ಳೆ ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಗಾಳಿಯಲ್ಲಿ ಹಾರುತ್ತವೆ. ಶ್ವಾಸಕ್ಕೆ ಅಪಾಯವಾದುದು ಈ ಮಂಜು. ನೆತ್ತಿಯ ಮೇಲೆ ಸೀಲಿಂಗ್ ಫ್ಯಾನು ತಿರುಗಿಸಿದರೆ ಅದು ಕೋಣೆಗೆಲ್ಲ ಹರಡುವುದೇ ಹೊರತು ಹೊರಗೆ ಹೋಗುವುದಿಲ್ಲ. ತೊಟ್ಟಿಯ ಮೇಲ್ಗಡೆ ಅಡುಗೆಮನೆಯ ಚಿಮಣಿಯಂತೆ ಕಟ್ಟುವುದೂ ಸರಿಯಲ್ಲ, ಏಕೆಂದರೆ ಏಳುವ ಮಂಜು ಬಗ್ಗಿ ನೋಡುವವರ ಮುಖವನ್ನು ದಾಟಿಯೇ ಮೇಲೆ ಹೋಗುತ್ತದೆ. ತೊಟ್ಟಿಯನ್ನು ಗೋಡೆಗೆ ಹತ್ತಿರವಿಟ್ಟು, ಅದರ ಹಿಂದಿನ ಅಂಚಿನ ಮಟ್ಟದಲ್ಲಿಯೇ ಗಾಳಿಯನ್ನು ಎಳೆದುಕೊಳ್ಳುವ ಸೀಳುಬಾಯಿ ಇರಬೇಕು. ಹೊಸ ಗಾಳಿ ಕೆಲಸಗಾರನ ಬೆನ್ನ ಕಡೆಯ ಕಿಟಕಿಯಿಂದ ಬರಬೇಕು. ಬೆನ್ನಿನಿಂದ ಬಂದ ಗಾಳಿ ತೊಟ್ಟಿಯ ಮೇಲೆ ಹಾದು ಎದುರಿನ ಗೋಡೆಯಿಂದ ಹೊರಗೆ, ಇದೇ ಸರಿಯಾದ ದಾರಿ. ಊದುಬತ್ತಿಯೊಂದನ್ನು ಹಚ್ಚಿ ಹೊಗೆ ಎತ್ತ ಸಾಗುತ್ತದೆಂದು ಪರೀಕ್ಷಿಸಬಹುದು. ಆದರೆ ಅದು ತೊಟ್ಟಿಗಳಿಗೆ ದ್ರಾವಣ ತುಂಬುವ ಮೊದಲು ಮಾತ್ರ. ಜಲಜನಕವು ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಕಿಡಿಗೆ ಕಾದಿರುತ್ತದೆ. ಕೆಲಸ ಆರಂಭವಾದ ಮೇಲೆ ಆ ಕೋಣೆಯಲ್ಲಿ ದೀಪ, ಕಡ್ಡಿಪೆಟ್ಟಿಗೆ, ಬೀಡಿ ಸಿಗರೇಟು, ಗ್ಯಾಸಿನ ಒಲೆ ಯಾವುದೂ ಕೂಡದು. ಹೊರಹೋಗುವ ಗಾಳಿ ನೆರೆಮನೆಯವರ ಕಿಟಕಿಗೆ ಎದುರಾಗದಂತೆ ನೋಡುವುದೂ ನಮ್ಮ ಕರ್ತವ್ಯವೇ.

ಲೇಪನಕ್ಕೆ ಬೇಕಾದ ವಿದ್ಯುತ್ತು ಆರು ಹನ್ನೆರಡು ವೋಲ್ಟು ಮಾತ್ರ, ಮುಟ್ಟಿದರೂ ಹೊಡೆಯುವುದಿಲ್ಲ. ಅದನ್ನು ಕೊಡುವ ರೆಕ್ಟಿಫೈಯರಿನ ಹಿಂಬದಿಯಲ್ಲಿರುವುದು ಮಾತ್ರ ಮನೆಯ 230 ವೋಲ್ಟು. ಒದ್ದೆ ನೆಲ, ಉಪ್ಪಿನ ನೀರು, ಒದ್ದೆ ಕೈ ಮೂರೂ ಕೂಡಿರುವ ಜಾಗವದು. ಆದುದರಿಂದ ಆ ಕೋಣೆಯ ವಿದ್ಯುತ್ತಿಗೆ ಬೇರೆಯೇ ಸಾಲು ಎಳೆಸಿ, 30 ಮಿಲಿ ಆಂಪಿಯರಿಗೆ ಕಡಿದುಹೋಗುವ ಆರ್.ಸಿ.ಸಿ.ಬಿ. ಹಾಕಿಸಿ, ಅರ್ಥಿಂಗನ್ನು ಪರೀಕ್ಷಿಸತಕ್ಕದ್ದು. ಮುಖ್ಯ ಸ್ವಿಚ್ಚು ಬಾಗಿಲ ಹೊರಗಿದ್ದರೆ ಒಳಗೆ ಏನಾದರೂ ಮನೆಯವರು ಹೊರಗಿನಿಂದಲೇ ನಿಲ್ಲಿಸಬಹುದು. ರೆಕ್ಟಿಫೈಯರು ಗಾಳಿ ಒಳಬರುವ ಕಿಟಕಿಯ ಕಡೆಗೆ, ಎತ್ತರದ ಹಲಗೆಯ ಮೇಲಿರಲಿ. ದ್ರಾವಣವನ್ನು ಬಿಸಿಮಾಡಲು ಸ್ನಾನದ ನೀರು ಕಾಯಿಸುವ ಕಾಯಿಲನ್ನು ಅದ್ದುವ ಪದ್ಧತಿಯನ್ನು ಕೆಲವೆಡೆ ಕಂಡಿದ್ದೇವೆ. ಅದರ ತೆಳುವಾದ ಕವಚವನ್ನು ದ್ರಾವಣ ತಿಂದುಹಾಕಿದ ದಿನ ತೊಟ್ಟಿಗೆಲ್ಲ ಮನೆಯ ವಿದ್ಯುತ್ತು ಇಳಿಯುತ್ತದೆ. ಇದಕ್ಕೆಂದೇ ಇರುವ ಟೈಟಾನಿಯಂ ಅಥವಾ ಟೆಫ್ಲಾನ್ ಕವಚದ ಹೀಟರನ್ನೇ ಕೊಳ್ಳಬೇಕು.

ಉಡುಗೆಯ ವಿಷಯದಲ್ಲಿ ಕನ್ನಡಕ, ಮೊಣಕೈವರೆಗಿನ ರಬ್ಬರು ಕೈಗವಸು, ಮುಂಗವಚ, ಗಂಬೂಟು ಬೇಕೆಂಬುದನ್ನು ಎಲ್ಲರೂ ಬಲ್ಲರು. ನಮ್ಮ ಮನೆಗಳಲ್ಲಿ ಇನ್ನೂ ಒಂದನ್ನು ನೆನಪಿಡಬೇಕು. ಕೊರಳಲ್ಲಿರುವ ಶಿವದಾರ ಮತ್ತು ಬೆಳ್ಳಿಯ ಕರಡಿಗೆ ಬಗ್ಗಿದಾಗ ಮುಂದಕ್ಕೆ ತೂಗುತ್ತವೆ. ಧನ ಋಣ ಪಟ್ಟಿಗಳೆರಡಕ್ಕೂ ಬೆಳ್ಳಿಯ ವಸ್ತು ಏಕಕಾಲಕ್ಕೆ ತಗುಲಿದರೆ, ವೋಲ್ಟು ಕಡಿಮೆಯಿದ್ದರೂ ಹತ್ತಾರು ಆಂಪಿಯರ್ ಅದರಲ್ಲಿ ಹರಿದು ಕ್ಷಣದಲ್ಲಿ ಕಾದು ಮೈ ಸುಡುತ್ತದೆ. ಹೊಳಪು ಕೊಡುವ ಬಫಿಂಗ್ ಚಕ್ರದಲ್ಲಿ ದಾರ ಸಿಕ್ಕಿದರೆ ಕುತ್ತಿಗೆಯನ್ನೇ ಎಳೆಯುತ್ತದೆ. ಲಿಂಗವನ್ನು ಮೈಯಿಂದ ಅಗಲಿಸಬೇಕೆಂದು ನಾವು ಹೇಳುವುದಿಲ್ಲ. ಅಂಗಿಯ ಒಳಗೆ, ಬನಿಯನ್ನಿಗೂ ಒಳಗೆ ಇರಿಸಿ, ಮೇಲೆ ಮುಂಗವಚವನ್ನು ಬಿಗಿಯಾಗಿ ಕಟ್ಟಿಕೊಂಡರೆ ಸಾಕು. ಉಂಗುರ ಬಳೆಗಳನ್ನು ಮಾತ್ರ ತೆಗೆದಿಡಬೇಕು. ಹೆಣ್ಣುಮಕ್ಕಳು ಕೈ ಜೋಡಿಸುವುದಾದರೆ ಸೆರಗು, ಜಡೆಗಳ ಎಚ್ಚರ ಇನ್ನೂ ಹೆಚ್ಚು. ಗರ್ಭಿಣಿಯರು ಆ ಕೋಣೆಗೆ ಹೋಗದಿರುವುದೇ ಲೇಸು.

ಕರಡಿಗೆಯ ಮಾತು ಬಂದುದರಿಂದ ಇನ್ನೊಂದನ್ನು ಇಲ್ಲಿಯೇ ಹೇಳುತ್ತೇವೆ. ಹಿತ್ತಾಳೆಯನ್ನು ನೇರವಾಗಿ ಬೆಳ್ಳಿಯ ದ್ರಾವಣದಲ್ಲಿ ಅದ್ದಿದರೆ ಬೆಳ್ಳಿ ಸಡಿಲವಾಗಿ ಕೂತು, ಉಜ್ಜಿದಾಗ ಸುಲಿದುಬರುವುದುಂಟು. ಅದಕ್ಕಾಗಿ ಮೊದಲು ನಿಕ್ಕಲಿನ ಪದರವನ್ನು ಕೊಟ್ಟು, ಅದರ ಮೇಲೆ ಬೆಳ್ಳಿ ಕೊಡುವುದು ರೂಢಿಯಾಗಿದೆ. ದೀಪದ ಸಮೆಗೆ ಇದರಿಂದ ಬಾಧಕವಿಲ್ಲ. ಕರಡಿಗೆಯಾದರೋ ಎದೆಯ ಮೇಲೆ, ಬೆವರಿನಲ್ಲಿ, ವರ್ಷಗಟ್ಟಲೆ ಇರುವಂಥದ್ದು. ಮೇಲಿನ ಬೆಳ್ಳಿ ಸವೆದ ಮೇಲೆ ನಿಕ್ಕಲ್ ಚರ್ಮಕ್ಕೆ ತಾಗಿ ಕೆಲವರಿಗೆ ತುರಿಕೆ, ಕಜ್ಜಿ ಏಳುತ್ತದೆ. ಒಮ್ಮೆ ಹತ್ತಿದ ಈ ಒಗ್ಗದಿಕೆ ಜೀವಮಾನವಿಡೀ ಉಳಿಯುವುದೇ ಹೆಚ್ಚು. ಯುರೋಪಿನವರು ಮೈಗೆ ತಾಗುವ ಒಡವೆಗಳಲ್ಲಿ ನಿಕ್ಕಲಿಗೆ 1994ರಲ್ಲಿಯೇ ಮಿತಿ ಹಾಕುವ ನಿಯಮ ಮಾಡಿದರು. ನಮ್ಮ ತರುಣನಿಗೆ ಕರಡಿಗೆಗಳನ್ನು ನಿಕ್ಕಲ್ ಇಲ್ಲದೆ, ತಾಮ್ರದ ಪದರದ ಮೇಲೆ ಬೆಳ್ಳಿ ಕೊಟ್ಟು ಕಲಿಯುವಂತೆ ಹೇಳಿದೆವು. ಅದು ಕಷ್ಟದ ಕೆಲಸ. ಆದರೆ ಭಕ್ತರ ಮೈಮೇಲೆ ಇರುವ ವಸ್ತುವಿಗೆ ಆ ಕಷ್ಟವನ್ನು ಪಡಬೇಕಾದುದೇ.

ಈಗ ಬಾಟಲಿಗಳ ಮಾತು. ಬಹಳ ವರ್ಷಗಳ ಹಿಂದೆ ನಮ್ಮ ಬಳಗದ ಮನೆಯೊಂದರಲ್ಲಿ ನಡೆದುದನ್ನು ನಾವಿನ್ನೂ ಮರೆತಿಲ್ಲ. ಆ ಮನೆಯ ಹಿರಿಯ ಮಗ ತಾಮ್ರದ ಲೇಪನಕ್ಕಾಗಿ ಮೈಲುತುತ್ತವನ್ನು ಆಮ್ಲದ ನೀರಿನಲ್ಲಿ ಕರಗಿಸಿ, ಮಿಕ್ಕಿದ್ದನ್ನು ಖಾಲಿಯಾದ ಶರಬತ್ತಿನ ಬಾಟಲಿಯಲ್ಲಿ ಸುರಿದು ಪಡಸಾಲೆಯ ಗೂಡಿನಲ್ಲಿ ಇಟ್ಟಿದ್ದ. ಎಂತಹ ಚೆಂದದ ನೀಲಿ ಅದು! ರಜೆಗೆಂದು ಬಂದಿದ್ದ ತಂಗಿಯ ನಾಲ್ಕು ವರ್ಷದ ಕೂಸು ಅದನ್ನು ಎತ್ತಿ ಒಂದು ಗುಟುಕು ಕುಡಿಯಿತು. ಅಜ್ಜಿ ಗಾಬರಿಯಿಂದ ಉಪ್ಪಿನ ನೀರು ಕುಡಿಸಿ ವಾಂತಿ ಮಾಡಿಸಲು ನೋಡಿದರು. ಅದು ಸುಡುವ ಪದಾರ್ಥ. ವಾಂತಿಯಲ್ಲಿ ಮರಳಿ ಗಂಟಲನ್ನು ಸುಡುತ್ತದೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು? ಮಗು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂತು. ಅಣ್ಣ ಮಾತ್ರ ಅಂದಿನಿಂದ ಆ ಕಸುಬನ್ನೇ ಬಿಟ್ಟ, ತಂಗಿಯ ಮುಖವನ್ನು ನೇರವಾಗಿ ನೋಡಲು ಅವನಿಗೆ ಎಷ್ಟೋ ವರ್ಷ ಬೇಕಾಯಿತು. ತಿನ್ನುವ ಕುಡಿಯುವ ಪದಾರ್ಥದ ಬಾಟಲಿ, ಡಬ್ಬಿ, ಲೋಟ ಯಾವುದೂ ಆ ಕೋಣೆಗೆ ಹೋಗಕೂಡದು, ಆ ಕೋಣೆಯದು ಯಾವುದೂ ಹೊರಗೆ ಬರಕೂಡದು. ಪ್ರತಿ ಬಾಟಲಿಯ ಮೇಲೂ ಕನ್ನಡದಲ್ಲಿ ಹೆಸರು, ತುಂಬಿದ ತಾರೀಖು ಬರೆದಿರಬೇಕು. ಇಂತಹದು ಹೊಟ್ಟೆಗೆ ಹೋದರೆ ವಾಂತಿ ಮಾಡಿಸದೆ, ಬಾಯಿ ತೊಳೆಸಿ, ಬಾಟಲಿಯ ಸಮೇತ ಆಸ್ಪತ್ರೆಗೆ ಧಾವಿಸಬೇಕು.

ಕಣ್ಣಿಗೆ ಹನಿ ಬಿದ್ದರೆ ತಕ್ಷಣವೇ ಹದಿನೈದು ನಿಮಿಷ ಬಿಡದೆ ಹರಿಯುವ ನೀರಿನಲ್ಲಿ ತೊಳೆಯಬೇಕು. ನಮ್ಮ ಊರುಗಳಲ್ಲಿ ನಲ್ಲಿಯಲ್ಲಿ ನೀರು ಬರುವ ದಿನಗಳೆಷ್ಟು? ಹದಿನೈದು ನಿಮಿಷಕ್ಕೆ ಇಪ್ಪತ್ತೈದು ಲೀಟರಿಗೆ ಕಡಿಮೆ ಸಾಲದು. ಆದುದರಿಂದ ಬಾಗಿಲ ಹೊರಗೆ ಎತ್ತರದ ಕಟ್ಟೆಯ ಮೇಲೆ ಐವತ್ತು ಲೀಟರಿನ ಡ್ರಮ್ಮಿಗೆ ನಲ್ಲಿ ಜೋಡಿಸಿ, ಮುಚ್ಚಳ ಹಾಕಿ, ಎರಡು ದಿನಕ್ಕೊಮ್ಮೆ ನೀರು ಬದಲಿಸುತ್ತ ಇರಬೇಕು. ಆಮ್ಲವನ್ನು ತೆಳುವಾಗಿಸುವಾಗ ನೀರಿಗೆ ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ವಿನಾ ಆಮ್ಲಕ್ಕೆ ನೀರನ್ನು ಎಂದಿಗೂ ಸುರಿಯಬಾರದು. ಇದು ಶಾಲೆಯ ಪಾಠವಾದರೂ ಅವಸರದಲ್ಲಿ ಮರೆಯುತ್ತದೆ.

ಕೊನೆಗೆ ತೊಳೆದ ನೀರು. ತೊಟ್ಟಿಯಿಂದ ಎತ್ತಿದ ವಸ್ತುವಿನ ಜೊತೆ ಒಂದಿಷ್ಟು ದ್ರಾವಣ ಹೊರಬರುತ್ತದೆ. ಅದನ್ನು ಒಂದೇ ಬಕೆಟ್ಟಿನಲ್ಲಿ ತೊಳೆದು ಚೆಲ್ಲುವ ಬದಲು ಮೂರು ಬಕೆಟ್ಟುಗಳನ್ನು ಸಾಲಾಗಿ ಇಡುವುದು. ಮೊದಲನೆಯದರ ನೀರು ಗಾಢವಾದಂತೆ, ಬಿಸಿಯಿಂದ ಆರಿಹೋದ ತೊಟ್ಟಿಗೆ ಮರಳಿ ತುಂಬಲು ಬರುತ್ತದೆ. ಲೋಹವೂ ಉಳಿಯಿತು, ನೀರೂ ಉಳಿಯಿತು. ಉಳಿದ ಎರಡು ಬಕೆಟ್ಟಿನ ನೀರಿಗೆ ಕಲಸಿದ ಸುಣ್ಣವನ್ನು ಹಾಕಿ, ಪಿಎಚ್ ಕಾಗದದಲ್ಲಿ ಹತ್ತರ ಸಮೀಪ ಬರುವವರೆಗೆ ತಿರುವಿ, ರಾತ್ರಿಯೆಲ್ಲ ಬಿಟ್ಟರೆ ತಾಮ್ರವೂ ನಿಕ್ಕಲೂ ರಾಡಿಯಾಗಿ ತಳದಲ್ಲಿ ಕೂಡುತ್ತವೆ. ಬೆಳ್ಳಿಯ ನೀರಿಗೆ ಈ ಉಪಾಯ ನಡೆಯುವುದಿಲ್ಲ. ಅದನ್ನು ಬೇರೆ ಕ್ಯಾನಿನಲ್ಲಿ ಕೂಡಿಸಿ ಬೆಳ್ಳಿ ಶುದ್ಧೀಕರಿಸುವವರಿಗೆ ಕೊಡಬೇಕು, ಅದಕ್ಕೆ ಬೆಲೆಯೂ ಉಂಟು. ಮೇಲಿನ ತಿಳಿನೀರನ್ನು ಮತ್ತೆ ತೊಳೆಯಲು ಬಳಸಬಹುದು. ತಳದ ರಾಡಿಯನ್ನು ಆರಿಸಿ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿಡತಕ್ಕದ್ದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಕಸದ ಗಾಡಿಗೆ ಹಾಕುವ ವಸ್ತುವಲ್ಲ, ಮಂಡಳಿಯ ಅನುಮತಿ ಪಡೆದ ಸಂಸ್ಥೆಗೇ ಒಪ್ಪಿಸಬೇಕು. ಅದಕ್ಕಾಗಿ ಯಾರನ್ನು ಕಾಣಬೇಕೆಂಬುದನ್ನು ಜಿಲ್ಲೆಯ ಮಂಡಳಿಯ ಕಚೇರಿಯಲ್ಲಿ ಮೊದಲ ಬಕೆಟ್ಟು ತುಂಬುವ ಮುನ್ನವೇ ವಿಚಾರಿಸಿ ಬರೆದುಕೊಳ್ಳುವಂತೆ ತರುಣನಿಗೆ ಹೇಳಿದೆವು.

ಹೊರಡುವ ಹೊತ್ತಿಗೆ ತಾಯಿಯವರು ಒಂದೇ ಪ್ರಶ್ನೆ ಕೇಳಿದರು: ಕೀಲಿ ಎಲ್ಲಿ ಇರಬೇಕು? ಅವರ ಸೊಂಟದ ಗೊಂಚಲಿನಲ್ಲಿಯೇ ಇರಲಿ ಎಂದೆವು. ಮಗ ನಕ್ಕು ಒಪ್ಪಿಕೊಂಡ. ಈಚೆಗೆ ಅವನಿಂದ ಒಂದು ಕಾರ್ಡು ಬಂದಿದೆ. ಕಿಂಡಿ ಮುಚ್ಚಿಸಿದ್ದಾಗಿದೆ, ಹೊಸ್ತಿಲು ಏರಿದೆ, ಹೊರಗಿನ ಡ್ರಮ್ಮಿಗೆ ನಲ್ಲಿ ಕೂರಿಸಿದೆ, ಊದುಬತ್ತಿಯ ಹೊಗೆ ಇನ್ನೂ ಬಾಗಿಲ ಕಡೆಗೇ ತಿರುಗುತ್ತಿದೆ, ಏನು ಮಾಡಲಿ ಎಂದು ಕೇಳಿದ್ದಾನೆ. ಕಿಟಕಿಯನ್ನು ಅರ್ಧ ಮುಚ್ಚಿ, ಬಾಗಿಲನ್ನು ಪೂರ್ತಿ ಹಾಕಿ ಮತ್ತೊಮ್ಮೆ ಪರೀಕ್ಷಿಸುವಂತೆಯೂ, ಅದು ಸರಿಹೋಗುವವರೆಗೆ ತೊಟ್ಟಿಯನ್ನು ಕೊಳ್ಳದಿರುವಂತೆಯೂ ಉತ್ತರ ಬರೆದಿದ್ದೇವೆ. ಬಫಿಂಗ್ ಚಕ್ರ ಮತ್ತು ಅದರ ಧೂಳಿನ ವಿಷಯವು ದೊಡ್ಡದಾದುದರಿಂದ ಅದನ್ನು ಮುಂದಿನ ತಿಂಗಳಿಗೆ ಇರಿಸಿಕೊಂಡಿದ್ದೇವೆ.